ಸೋತ ಎಲೆ ಗೆಲ್ಲುವ ಆಟ

ದೀಪಾವಳಿ ಅಮಾವಾಸ್ಯೆಯ ರಾತ್ರಿ ಕೂಡ್ಲಿಗಿಯ ನಮ್ಮ ಮನೆಯಲ್ಲಿ ಎರಡು ಕಡೆ ಆಟ ನಡೆಯುತ್ತಿತ್ತು. ಪಡಸಾಲೆಯಲ್ಲಿ ಹೆಂಗಸರ ಚೌಕಾಬಾರ, ಪಣಕ್ಕೆ ಹುಣಸೆಬೀಜ. ಜಗಲಿಯ ಮೇಲೆ ಗಂಡಸರ ಇಸ್ಪೀಟು, ಪಣಕ್ಕೆ ದುಡ್ಡು. ಶೇಂಗಾ ಮಾರಿದ ಹಣ ಕೈಗೆ ಬರುವ ಕಾಲವೂ ಅದೇ. ಒಂದು ವರ್ಷ ದೊಡ್ಡಪ್ಪ ಕೊಟ್ಟೂರಿನಿಂದ ತಂದ ದುಡ್ಡು ಬೆಳಗಾಗುವಷ್ಟರಲ್ಲಿ ಖಾಲಿಯಾಗಿತ್ತು.

"ಎಲೆ ಕೆಟ್ಟವು ಬಂದ್ರೆ ಎದ್ದು ಬರಬೇಕಿಲ್ಲೇನು?" ಎಂದು ದೊಡ್ಡವ್ವ ಕೇಳಿದರು.

"ಕೆಟ್ಟವೇ ಬರ್ತಿದ್ವು. ಅದಕ್ಕೇ ಕುಂತೆ" ಎಂದರು ದೊಡ್ಡಪ್ಪ.

ಈ ಮಾತು ನನಗೆ ಒಗಟಾಗಿತ್ತು. ಅಂದು ಆಡಿದ್ದು ಮೂರೆಲೆ ಆಟದ 'ಮುಫ್ಲಿಸ್' ಎಂಬ ಬಗೆ ಎಂದು ಆಮೇಲೆ ತಿಳಿಯಿತು. ಉರ್ದುವಿನಲ್ಲಿ ಮುಫ್ಲಿಸ್ ಎಂದರೆ ದಿವಾಳಿಯಾದವನು! ಎಲ್ಲರಿಗೂ ಮೂರು ಮೂರು ಎಲೆ. ಮಾಮೂಲು ಆಟದಲ್ಲಿ ಮೂರು ಎಕ್ಕ ಬಂದವನು ರಾಜ. ಇಲ್ಲಿ ಅವನೇ ಎಲ್ಲರಿಗಿಂತ ಕೆಳಗೆ. ಬೇರೆ ಬೇರೆ ಬಣ್ಣದ 2, 3, 5 ಬಂದರೆ ಗೆಲುವು. 2, 3, 4 ಏಕಲ್ಲ ಎಂದು ಕೇಳಬಹುದು. ಅವು ಸಾಲಾಗಿ ಬಿಡುತ್ತವೆ. ಸಾಲೆಂದರೆ ಒಳ್ಳೆಯ ಎಲೆ, ಆದ್ದರಿಂದ ಸೋಲು.

ಸಣ್ಣದು ದೊಡ್ಡದಾಗುವ ಈ ವಿಚಾರ ಹೊಸದೇನಲ್ಲ. ಇಸ್ಪೀಟು ನಮ್ಮಲ್ಲಿಗೆ ಬರುವ ಮೊದಲು ಗಂಜೀಫ ಇತ್ತು. ಬಾಬರ್ 1527ರಲ್ಲಿ ಸಿಂಧದ ಗೆಳೆಯನಿಗೆ ಅದನ್ನು ಕಳಿಸಿಕೊಟ್ಟಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮೊಗಲರ ಗಂಜೀಫದಲ್ಲಿ 8 ಬಗೆ, 96 ದುಂಡನೆಯ ಎಲೆಗಳು. ನಾಲ್ಕು ಬಗೆಗಳಲ್ಲಿ ರಾಜ, ಮಂತ್ರಿಯರ ನಂತರ 10 ದೊಡ್ಡದು. ಉಳಿದ ನಾಲ್ಕರಲ್ಲಿ 1 ದೊಡ್ಡದು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟವನ್ನು ಎಷ್ಟು ಬೆಳೆಸಿದರೆಂದರೆ, ಅವರ ಚಾಮುಂಡೇಶ್ವರಿ ಛದಕ್ಕೆ 320 ಎಲೆಗಳು ಬೇಕು. ಅತ್ತ ಅಮೆರಿಕದಲ್ಲಿ 19ನೆಯ ಶತಮಾನದಲ್ಲಿ ಪೋಕರ್ ಹುಟ್ಟಿತು. ಅದರಲ್ಲೂ 'ಲೋಬಾಲ್' ಎಂಬ ತಿರುಗುಮುರುಗು ಆಟವಿದೆ. ಐದು ಎಲೆ ಹಂಚಿ, ಬೇಡವಾದವನ್ನು ಕೊಟ್ಟು ಬೇರೆ ಪಡೆಯುವುದು. ಎಕ್ಕವನ್ನು ದೊಡ್ಡದೆಂದು ಎಣಿಸುವ ಬಗೆಯಲ್ಲಿ 2, 3, 4, 5, 7 ಬಂದವನು ಗೆದ್ದ. ಐದೂ ಒಂದೇ ಬಣ್ಣವಾಗಿರಬಾರದು, ಅಷ್ಟೆ.

ದೊಡ್ಡಪ್ಪನ ಒಗಟು ಬಿಡಿಸಿದ್ದು ಮಾತ್ರ ಲೆಕ್ಕ. ಮೂರೆಲೆ ಬರಬಹುದಾದ ರೀತಿಗಳು ಒಟ್ಟು 22,100. ಅವುಗಳಲ್ಲಿ ನೂರಕ್ಕೆ ಸುಮಾರು 74 ಜೋಡಿಯೂ ಇಲ್ಲದ, ಸಾಲೂ ಇಲ್ಲದ ಬರೀ ಎಲೆಗಳು. ಮಾಮೂಲು ಆಟದಲ್ಲಿ ಅಂಥವು ಬಂದವನು ಎಲೆ ಕೆಳಗಿಟ್ಟು ಸುಮ್ಮನಾಗುತ್ತಾನೆ. ಮುಫ್ಲಿಸ್‌ನಲ್ಲಿ ಅವನಿಗೇ ಆಸೆ ಹುಟ್ಟುತ್ತದೆ. ಕುಳಿತವರಲ್ಲಿ ಬಹುಪಾಲು ಜನಕ್ಕೂ ಅದೇ ಆಸೆ. ಯಾರೂ ಏಳುವುದಿಲ್ಲ, ನಡುವಿನ ರಾಶಿ ಬೆಳೆಯುತ್ತಲೇ ಹೋಗುತ್ತದೆ. ಆದರೆ ನಿಜವಾದ 2, 3, 5 ಸಿಗುವುದು 22,100ರಲ್ಲಿ 60 ರೀತಿಗಳಲ್ಲಿ ಮಾತ್ರ.

1963ರ ಕರ್ನಾಟಕ ಪೊಲೀಸ್ ಕಾಯಿದೆ ಜೂಜಿನ ಅಡ್ಡೆಗಳನ್ನು ಅಪರಾಧವೆಂದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತೂ ಕಾಯಿದೆ ಮಾಡಿತು. ಕಾಯಿದೆ ನಮ್ಮ ಜಗಲಿಯವರೆಗೆ ಬಂದದ್ದನ್ನು ನಾನು ಕಂಡಿಲ್ಲ.

ಆ ವರ್ಷ ಬೀಜದ ಶೇಂಗಾ ಕೊಳ್ಳಲು ದೊಡ್ಡವ್ವನ ಎರಡೆಳೆ ಸರ ಒತ್ತೆಗೆ ಹೋಯಿತು. ಬಿಡಿಸಿಕೊಂಡು ಬರಲು ಮೂರು ಬೆಳೆ ಹಿಡಿಯಿತು. ಮುಂದಿನ ದೀಪಾವಳಿಗೆ ಶೇಂಗಾದ ದುಡ್ಡು ಬಂದ ದಿನವೇ ದೊಡ್ಡವ್ವ ಅದನ್ನು ಎಣಿಸಿ ಜೋಳದ ವಾಡೆಯೊಳಗಿಟ್ಟು, ಚೌಕಾಬಾರದ ಹುಣಸೆಬೀಜದ ಡಬ್ಬಿಯನ್ನು ದೊಡ್ಡಪ್ಪನ ಮುಂದಿಟ್ಟರು.

"ಎಷ್ಟು ಬೇಕಾದ್ರೂ ಸೋಲ್ರಿ" ಎಂದರು.