ಪಾನವಲ್ ಸೇತುವೆ: ದಡದಿಂದ ಕಣಿವೆಗೆ ತಳ್ಳಿದ ತೊಲೆ
ಮಹಾರಾಷ್ಟ್ರದ ರತ್ನಾಗಿರಿ ಬಳಿ ಕೊಂಕಣ ರೈಲು ದಾಟುವ ಈ ಸೇತುವೆಯ ಉದ್ದ 424 ಮೀಟರ್, ಎತ್ತರ ಸುಮಾರು 64 ಮೀಟರ್. ಅಷ್ಟು ಆಳದ ಕಣಿವೆಯಲ್ಲಿ, ಅದೂ ಕೊಂಕಣದ ಮಳೆಯಲ್ಲಿ, ತಳದಿಂದ ಅಟ್ಟಣಿಗೆ ಕಟ್ಟಿ ಕಾಂಕ್ರೀಟ್ ಸುರಿಯುವುದು ದುಬಾರಿ, ಅಪಾಯಕಾರಿ ಕೂಡ.

ಎಂಜಿನಿಯರುಗಳು ಭಾರತದಲ್ಲಿ ಅದುವರೆಗೆ ಬಳಸಿರದ ದಾರಿ ಹಿಡಿದರು. ಪೆಟ್ಟಿಗೆಯಾಕಾರದ ಕಾಂಕ್ರೀಟ್ ತೊಲೆಯನ್ನು ದಡದಲ್ಲೇ ತುಂಡುತುಂಡಾಗಿ ಎರಕ ಹೊಯ್ದರು. ಹೊಸ ತುಂಡು ಗಟ್ಟಿಯಾದಂತೆ ಅದನ್ನು ಹಿಂದಿನದಕ್ಕೆ ಬಿಗಿದು, ಇಡೀ ತೊಲೆಯನ್ನು ಹೈಡ್ರಾಲಿಕ್ ಜಾಕ್‌ಗಳಿಂದ ಮುಂದಕ್ಕೆ ಸರಿಸಿದರು. ತೊಲೆಯ ತುದಿಯಲ್ಲಿ ಹಗುರವಾದ ಉಕ್ಕಿನ ಮೂಗು. ಭಾರವಾದ ಕಾಂಕ್ರೀಟ್ ಗಾಳಿಯಲ್ಲಿ ಹೆಚ್ಚು ದೂರ ಚಾಚಿ ಬಾಗುವ ಮುನ್ನವೇ ಈ ಮೂಗು ಮುಂದಿನ ಕಂಬವನ್ನು ತಲುಪುತ್ತದೆ.

ಸರಿಸುವುದಕ್ಕಿಂತ ಸೂಕ್ಷ್ಮವಾದದ್ದು ಅದರ ಲೆಕ್ಕಾಚಾರ. ತೊಲೆಯ ಪ್ರತಿ ಭಾಗವೂ ಒಮ್ಮೆ ಕಂಬದ ಮೇಲೆ, ಒಮ್ಮೆ ಕಂಬಗಳ ನಡುವೆ ಬರುತ್ತದೆ. ಹಾಗಾಗಿ ಎಳೆತ ಒಮ್ಮೆ ಮೇಲ್ಭಾಗದಲ್ಲಿ, ಮತ್ತೊಮ್ಮೆ ಕೆಳಭಾಗದಲ್ಲಿ. ಎಳೆತವನ್ನು ಕಾಂಕ್ರೀಟ್ ಸಹಿಸದು. ಆದ್ದರಿಂದ ತೊಲೆಯೊಳಗೆ ಬಿಗಿದ ಉಕ್ಕಿನ ತಂತಿಗಳು ಎರಡೂ ಸ್ಥಿತಿಗೆ ಸಾಲಬೇಕು.

ಈ ಮಾರ್ಗವನ್ನು ಕಟ್ಟಿದ ಕೊಂಕಣ ರೈಲ್ವೆ ನಿಗಮ 1990ರಲ್ಲಿ ಸ್ಥಾಪನೆಯಾದಾಗ ರೈಲ್ವೆ ಸಚಿವರಾಗಿದ್ದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಇಡೀ ಮಾರ್ಗ 1998ರಲ್ಲಿ ತೆರೆಯಿತು. ಮುಂಬೈನಿಂದ ಕಾರವಾರ, ಉಡುಪಿಗೆ ಬರುವ ರೈಲುಗಳು ಈ ಸೇತುವೆಯ ಮೇಲೆಯೇ ಸಾಗುತ್ತವೆ.