ಗಂಗೊಳ್ಳಿಯಿಂದ ಕೋಟತಟ್ಟಿಗೆ: ಕೊರಗರ ಬಗ್ಗೆ ಬರೆದವರ ದಾರಿ

ಗಂಗೊಳ್ಳಿಯ ಇತಿಹಾಸವನ್ನು ನಾವು ಯಾವಾಗಲೂ ಕಡಲ ಕಡೆಯಿಂದ ಹೇಳುತ್ತೇವೆ. ಪೋರ್ಚುಗೀಸರು 1569ರಲ್ಲಿ ಬಸರೂರು ಹಿಡಿದರು. ಮುಂದಿನ ಶತಮಾನದಲ್ಲಿ ಪಂಚಗಂಗಾವಳಿಯ ಅಳಿವೆಬಾಯಲ್ಲಿರುವ ಗಂಗೊಳ್ಳಿಯಲ್ಲಿ ಕೋಟೆ ಕಟ್ಟಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. 1665ರಲ್ಲಿ ಶಿವಾಜಿ ಬಸರೂರಿಗೆ ಬಂದು ಹೋದ, 1763ರಲ್ಲಿ ಹೈದರ್, 1799ರಲ್ಲಿ ಕುಂಪಣಿ. ಈ ಎಲ್ಲ ಜಗಳದ ಬುಡದಲ್ಲಿದ್ದದ್ದು ಅಕ್ಕಿ, ಮೆಣಸು, ಸುಂಕ. ಆ ಅಕ್ಕಿಯ ಗದ್ದೆಯಲ್ಲಿ ಬೆವರಿಳಿಸಿದವರ ಲೆಕ್ಕ ಯಾವ ಒಪ್ಪಂದದಲ್ಲೂ ಬರಲಿಲ್ಲ. ಅವರಲ್ಲೂ ಕಟ್ಟಕಡೆಯವರಾದ ಕೊರಗರ ವಿಷಯದಲ್ಲಿ ಬರವಣಿಗೆ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬುದೇ ಇಲ್ಲಿಯ ವಿಚಾರ.

ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ 1800ರ ಮೇ 31ರಂದು ಮೇಲಧಿಕಾರಿಗಳಿಗೆ ಬರೆದ ಪತ್ರ ಕಂದಾಯ ಚರಿತ್ರೆಯಲ್ಲಿ ಪ್ರಸಿದ್ಧ. ಇಲ್ಲಿ ಭೂಮಿ ಬಹಳ ಹಿಂದಿನಿಂದಲೂ ಖಾಸಗಿ ಸ್ವತ್ತು ಎಂದು ಅವನು ಮೆಚ್ಚಿ ಬರೆದ. ಭೂಮಿಯ ಜೊತೆಗೆ ಆಳುಗಳೂ ಸ್ವತ್ತಾಗಿದ್ದರು ಎಂಬುದಕ್ಕೆ ಸಾಕ್ಷಿ ಒದಗಿಸಿದವನು ಮರುವರ್ಷ ಕುಂದಾಪುರ, ಬೈಂದೂರು ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಕೆನರಾದ ಜೀತದಾಳುಗಳ ಬೆಲೆಯೂ ಅವರಿಗೆ ಅಳೆದುಕೊಡುತ್ತಿದ್ದ ಧಾನ್ಯದ ಲೆಕ್ಕವೂ ಇದೆ. ಮರುಕಕ್ಕಾಗಿ ಬರೆದದ್ದಲ್ಲ, ಕುಂಪಣಿಗೆ ಹೊಸ ಆಸ್ತಿಯ ವಿವರ ಬೇಕಿತ್ತು. ಆದರೂ ನಮ್ಮ ಕರಾವಳಿಯ ದುಡಿಯುವವರ ಬಗ್ಗೆ ಅಷ್ಟು ಹಳೆಯ, ಅಷ್ಟು ನಿಖರವಾದ ಮಾತು ಬೇರೆಲ್ಲೂ ಸಿಗುವುದು ಕಷ್ಟ.

1830-31ರಲ್ಲಿ ಕೆನರಾದ ರೈತರು ಕೂಟ ಕಟ್ಟಿ ಕಂದಾಯ ಕೊಡಲು ನಿರಾಕರಿಸಿದರು. ದಂಗೆಯಾಗಿ ಅದು ನಮ್ಮ ಹೆಮ್ಮೆಯ ಪುಟ. ಆದರೆ ಅಲ್ಲಿ ನ್ಯಾಯ ಕೇಳಿದವರು ಭೂಮಿಯ ಒಡೆಯರಾದ ವರ್ಗದಾರರು. ಅವರ ಗದ್ದೆಯ ಆಳಿಗೆ ಕೇಳಲು ಕೂಟವಿರಲಿಲ್ಲ. ನೆಲದ ಲೆಕ್ಕದಲ್ಲಿ ಕಡೆಗಣಿಸಲಾದವರ ಪಾಡು ಬೇರೆಡೆಯೂ ಹೀಗೇ ಇತ್ತು: ಅದೇ 1830ರಲ್ಲಿ ಅಮೆರಿಕದ ಸರ್ಕಾರ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಎಬ್ಬಿಸುವ ಕಾಯ್ದೆ ಮಾಡಿತು.

ಅಮೆರಿಕದ ಜೊತೆಗಿನ ಹೋಲಿಕೆ ತೂಕ ಪಡೆಯುವುದು ಮುಂದಿನ ಹಂತದಲ್ಲಿ. 1843ರ ಕಾಯ್ದೆ ಭಾರತದಲ್ಲಿ ಗುಲಾಮಗಿರಿಗೆ ಕೋರ್ಟಿನ ಬೆಂಬಲ ಇಲ್ಲವೆಂದಿತು. ಅಲ್ಲಿ 1865ರ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನೇ ತೆಗೆಯಿತು. ಅದೇ ವರ್ಷ ಜನವರಿಯಲ್ಲಿ ಜನರಲ್ ಶೆರ್ಮನ್ ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆಯವರೆಗೆ ಜಮೀನು ಎಂದು ಆದೇಶ ಹೊರಡಿಸಿದ್ದ. ವರ್ಷ ತುಂಬುವ ಮೊದಲೇ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಿಂತೆಗೆದ. ನಮ್ಮಲ್ಲಿ ಅಂಥ ಆದೇಶವೇ ಹೊರಡಲಿಲ್ಲ, ಹಿಂತೆಗೆಯುವ ಪ್ರಮೇಯವೂ ಬರಲಿಲ್ಲ. ಮಹಾರಾಷ್ಟ್ರದ ಜ್ಯೋತಿಬಾ ಫುಲೆ 1873ರ ತಮ್ಮ ‘ಗುಲಾಮಗಿರಿ’ಯನ್ನು ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ದುಡಿದವರಿಗೆ ಅರ್ಪಿಸಿದರು. ಎರಡೂ ಕಡೆಯ ನೋವನ್ನು ಒಟ್ಟಿಗೆ ನೋಡುವ ಕಣ್ಣು ಆಗಲೇ ಇತ್ತು.

ಸರ್ಕಾರಿ ಅಧಿಕಾರಿಗಳ ಕಣ್ಣು ಮಾತ್ರ ಬೇರೆಯಾಗಿತ್ತು. 1870ರ ದಶಕದಲ್ಲಿ ಎಂ.ಜೆ. ವಾಲ್‌ಹೌಸ್ ಕೊರಗರ ಬಗ್ಗೆ ಬರೆದ. 1909ರಲ್ಲಿ ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ತಂದ. ಎಲೆಯ ಉಡುಗೆ, ಸೊಪ್ಪಿನ ಕೊಪ್ಪ, ಬೀಳಿನ ಬುಟ್ಟಿ, ಹುಬ್ಬಾಶಿಕನೆಂಬ ಕೊರಗ ಅರಸನ ಐತಿಹ್ಯ, ಎಲ್ಲವೂ ಈ ಬರಹಗಳ ಮೂಲಕವೇ ನಮ್ಮ ಓದಿಗೆ ಬಂದವು. ದಾರಿಯಲ್ಲಿ ಉಗುಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಕೊಂಡು ತಿರುಗಬೇಕಿದ್ದ ‘ಅಂಡೆ ಕೊರಗ’ರ ಸಂಗತಿಯೂ ಅಲ್ಲಿದೆ, ಎಲೆಯುಡುಗೆಯ ವರ್ಣನೆಯಷ್ಟೇ ತಣ್ಣಗಿನ ಸ್ವರದಲ್ಲಿ. ತಲೆ, ಮೂಗುಗಳ ಅಳತೆಯಿಂದ ಜನರನ್ನು ವಿಂಗಡಿಸಬಹುದೆಂದು ಥರ್ಸ್ಟನ್ ನಂಬಿದ್ದ. 1839ರಲ್ಲಿ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ತಲೆಬುರುಡೆಗಳನ್ನು ಅಳೆದು ಜನಾಂಗಗಳಿಗೆ ಮೇಲು ಕೀಳು ಹಚ್ಚಿದ್ದನಲ್ಲ, ಅದೇ ವಿದ್ಯೆಯ ತಮ್ಮ ಇದು. ‘ಇವರು ಯಾರು?’ ಎಂದು ನೂರು ಪುಟ ಬರೆಯಬಹುದು, ‘ಇವರಿಗೆ ಏನು ಸಲ್ಲಬೇಕು?’ ಎಂದು ಒಂದು ಸಾಲೂ ಬರೆಯದೆ. ಆ ಎರಡನೆಯ ಪ್ರಶ್ನೆ ಮೊದಲು ಕೆಲಸವಾಗಿ ಬಂತು: 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ರೂಪದಲ್ಲಿ.

ಸ್ವಾತಂತ್ರ್ಯದ ನಂತರದ ವಿದ್ವತ್ತಿನಲ್ಲಿ ಎದ್ದು ಕಾಣುವುದು ಡಿ.ಎನ್. ಶಂಕರ ಭಟ್ಟರ ಕೆಲಸ. 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದ ಅವರ ಪುಸ್ತಕ ಕೊರಗರ ನುಡಿ ತುಳುವಿನ ಮುರುಕಲ್ಲ, ತನ್ನದೇ ವ್ಯಾಕರಣವಿರುವ ದ್ರಾವಿಡ ಭಾಷೆ ಎಂದು ತೋರಿಸಿತು. ಉಡುಪಿ ಕಡೆಯ ಒಂಟಿ, ಹೆಬ್ರಿ ಕಡೆಯ ತಪ್ಪು, ಕುಂದಾಪುರ ಕಡೆಯ ಮುದು ಎಂಬ ಒಳನುಡಿಗಳನ್ನು ಅವರು ಬೇರ್ಪಡಿಸಿದರು. ಕುಂದಾಪುರದ ಕೊರಗರಿಗೆ ಎರಡನೆಯ ಭಾಷೆ ತುಳುವಲ್ಲ, ಕನ್ನಡ. ಕೊರಗರೆಂದರೆ ತುಳುನಾಡಿನ ವಿಷಯ ಎಂದು ಬರೆಯುತ್ತಲೇ ಬಂದವರು ಈ ಒಂದು ಸಂಗತಿಯನ್ನು ಇವತ್ತಿಗೂ ಸರಿಯಾಗಿ ಗಮನಿಸಿಲ್ಲ.

ಮೂರು ವರ್ಷದಲ್ಲಿ ಬಂತು ದೇವರಾಜ ಅರಸರ ಭೂಸುಧಾರಣೆ. 1974ರ ತಿದ್ದುಪಡಿ ಕರಾವಳಿಯ ಮುಖವನ್ನೇ ಬದಲಿಸಿತು, ಅದರಲ್ಲಿ ಎರಡು ಮಾತಿಲ್ಲ. ಚಾಲಗೇಣಿಯ ಒಕ್ಕಲುಗಳು ಟ್ರಿಬ್ಯೂನಲ್ಲಿಗೆ ಏಳನೇ ನಮೂನೆ ಬರೆದುಕೊಟ್ಟು ಗದ್ದೆಯ ಒಡೆಯರಾದರು. ಆದರೆ ಏಳನೇ ನಮೂನೆ ತುಂಬಲು ಗೇಣಿಯಾದರೂ ಇರಬೇಕಲ್ಲ. ಕಾಡಿನ ಬೀಳು ತಂದು ಹೆಡಿಗೆ ಹೆಣೆಯುವ, ಡೋಲು ಬಾರಿಸುವ, ಊರ ಅಂಚಿನ ಕೊಪ್ಪದಲ್ಲಿರುವ ಕೊರಗ ಯಾರ ಒಕ್ಕಲು? ಉಳುವವನೇ ಒಡೆಯ ಎಂಬ ಘೋಷಣೆ ಉಳಲೂ ಭೂಮಿಯಿಲ್ಲದವನ ತಲೆಯ ಮೇಲಿಂದ ಹಾರಿಹೋಯಿತು. ಭೂಸುಧಾರಣೆಯ ಬಗ್ಗೆ ಬಂದ ಹೊಗಳಿಕೆಯ ಸಾಹಿತ್ಯದಲ್ಲಿ ಈ ಮಾತಿಗೆ ಸಿಕ್ಕ ಜಾಗ ತೀರಾ ಕಡಿಮೆ.

ಆ ಖಾಲಿಯನ್ನು ತುಂಬಿದ್ದು ವಿಶ್ವವಿದ್ಯಾಲಯವಲ್ಲ, ಬೀದಿ. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳತ್ವದ ದಲಿತ ಸಂಘರ್ಷ ಸಮಿತಿ ರಾಜ್ಯಕ್ಕೆ ಹೊಸ ಮಾತು ಕಲಿಸಿತ್ತು. ತೊಂಬತ್ತರ ಹೊತ್ತಿಗೆ ಕೊರಗರು ತಾವೇ ಸಂಘ ಕಟ್ಟಿಕೊಂಡು ಭೂಮಿ ಕೇಳಿದರು. ಆಮೇಲೆ ಬಂದದ್ದು ಮಂಗಳೂರು ವಿಶ್ವವಿದ್ಯಾಲಯದ ಡಾ. ಮಹಮ್ಮದ್ ಪೀರ್ ಸಮಿತಿಯ ವರದಿ: ಕುಟುಂಬಕ್ಕೆ 2.5 ಎಕರೆ ಕೊಡಬೇಕೆಂದು. ಆ ಹೋರಾಟದ ನೆನಪಿಗೆ ಆಗಸ್ಟ್ 18ರಂದು ಭೂಮಿ ಹಬ್ಬ ನಡೆಯುತ್ತದೆ. ವರದಿಯ ಎಕರೆಗಳು ಪೂರ್ತಿ ಕೈಗೆ ಬಂದಿಲ್ಲವಾದ್ದರಿಂದ ಹಬ್ಬದಲ್ಲೇ ಮನವಿಪತ್ರವನ್ನೂ ಓದುತ್ತಾರೆ.

2000ದ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನು ಇತಿಹಾಸದ ದಾಖಲೆಯಾಗಿ ಓದಬೇಕು. ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು, ಅನ್ನಕ್ಕೆ ಕೂದಲು ಉಗುರು ಬೆರೆಸಿ ತಿನ್ನಿಸುವುದು, ಕಂಬಳಕ್ಕೆ ಮುನ್ನ ಗದ್ದೆಯಲ್ಲಿ ಕೋಣಗಳಂತೆ ಓಡಿಸುವುದು, ಇವನ್ನು ಕಾಯ್ದೆ ಹೆಸರಿಟ್ಟು ಎಣಿಸುತ್ತದೆ. ಥರ್ಸ್ಟನ್ ‘ಪದ್ಧತಿ’ಯೆಂದು ಬರೆದಂಥ ಸಂಗತಿಗಳು ಇಲ್ಲಿ ಅಪರಾಧವಾದವು. ಗಣರಾಜ್ಯಕ್ಕೆ ಐವತ್ತು ತುಂಬಿದ ವರ್ಷದಲ್ಲಿ ಇಂಥ ಕಾಯ್ದೆ ಬೇಕಾಯಿತು ಎಂಬುದೇ ಕರಾವಳಿಯ ಬುದ್ಧಿವಂತಿಕೆಯ ಮೇಲಿನ ಷರಾ.

ಇನ್ನುಳಿದದ್ದು ಬರೆಯುವವರು ಯಾರು ಎಂಬ ಪ್ರಶ್ನೆ. ಅಮೆರಿಕದಲ್ಲಿ ಅಂತರ್ಯುದ್ಧಾನಂತರದ ಚರಿತ್ರೆಯನ್ನು ಬಹುಕಾಲ ಬರೆದವರು ಕರಿಯರ ಆಳ್ವಿಕೆಯನ್ನು ಅವಾಂತರವೆಂದ ಬಿಳಿಯ ಪ್ರಾಧ್ಯಾಪಕರು. 1935ರಲ್ಲಿ ಕರಿಯ ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅದನ್ನು ತಿರುಗಿಸಿ ಬರೆದರು. ಅಂಬೇಡ್ಕರ್ 1940ರ ದಶಕದಲ್ಲಿ ಅವರಿಗೆ ಪತ್ರ ಬರೆದದ್ದು ಸುಮ್ಮನೆಯಲ್ಲ. ನಮ್ಮಲ್ಲಿ ಆ ತಿರುವು ಈಗಷ್ಟೇ ಶುರುವಾಗಿದೆ. ಬ್ರಹ್ಮಾವರ ಕಡೆಯ ಗುಂಡ್ಮಿಯ ಸಬಿತಾ ಕೊರಗ ಸಮುದಾಯದಿಂದ ಬಂದು ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸುತ್ತಾರೆ. ಅದೇ ಆಸುಪಾಸಿನ ಕೋಟತಟ್ಟಿನಲ್ಲಿ 2021ರ ಡಿಸೆಂಬರ್ 27ರ ರಾತ್ರಿ ಕೊರಗರ ಮನೆಯೊಂದರ ಮೆಹಂದಿಗೆ ಪೊಲೀಸರು ನುಗ್ಗಿ ಲಾಠಿ ಬೀಸಿದರು. ಹಿಂದಾಗಿದ್ದರೆ ಊರೊಳಗೇ ಮುಚ್ಚಿಹೋಗುತ್ತಿತ್ತು. ಈ ಸಲ ಸಮುದಾಯದ ಯುವಕರೇ ಕ್ಯಾಮೆರಾ ಮುಂದೆ ನಿಂತು ಹೇಳಿದರು, ಸಬ್ ಇನ್‌ಸ್ಪೆಕ್ಟರ್ ಅಮಾನತಾದರು, ಗೃಹಸಚಿವರು ಕಾಲನಿಗೆ ಬರಬೇಕಾಯಿತು.

ಕರ್ನಾಟಕದ ಕೊರಗರ ಸಂಖ್ಯೆ 2001ರಲ್ಲಿ 16,071 ಇದ್ದದ್ದು 2011ರಲ್ಲಿ 14,794ಕ್ಕೆ ಇಳಿಯಿತು. ಹೊಸ ಸಂಶೋಧನೆಯ ಬಹುಪಾಲು ಈ ಇಳಿಕೆ, ರಕ್ತಹೀನತೆ, ಪೌಷ್ಟಿಕತೆಗಳ ಸುತ್ತ ತಿರುಗುತ್ತಿದೆ. ಬೇಕಾದ ಕೆಲಸವೇ. ಆದರೆ ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡತಗಳಲ್ಲಿ ದಲಿತರಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿ ಯಾರ ಹೆಸರಿಗೆ ಹೋಯಿತು, ಕೊಪ್ಪಗಳನ್ನು ಎಬ್ಬಿಸಿ ಕಾಲನಿ ಮಾಡಿದಾಗ ಹಳೆಯ ಜಾಗ ಏನಾಯಿತು, ಕಂಬಳಗದ್ದೆಯಲ್ಲಿ ರಾತ್ರಿಯಿಡೀ ಡೋಲು ಬಾರಿಸಿ ಕೂತವರಿಗೆ ಕೊನೆಗೆ ಸಿಕ್ಕಿದ್ದೆಷ್ಟು, ಇವನ್ನು ಕಡತದಿಂದಲೂ ಹಿರಿಯರ ಬಾಯಿಂದಲೂ, ಆದರೆ ಮುದು ನುಡಿಯಲ್ಲೇ ಕೇಳಿ ಬರೆಯುವ ಪುಸ್ತಕ ಬರಬೇಕಾಗಿದೆ. ಕಡತ ತಾಲೂಕು ಕಚೇರಿಯಲ್ಲಿ ಇನ್ನೂ ಕೆಲವು ಕಾಲ ಇರುತ್ತದೆ. ಆ ನುಡಿಯಲ್ಲಿ ಹೇಳಬಲ್ಲ ಹಿರಿಯರಿಗೆ ಅಷ್ಟು ಪುರುಸೊತ್ತಿಲ್ಲ.