ಪರರ ದನ, ಕಾಯುವವನ ಹಬ್ಬ

ಒಬ್ಬಾತ ತನ್ನ ಆಕಳನ್ನು ನೋಡಿಕೊಳ್ಳಲು ಇನ್ನೊಬ್ಬನ ಹತ್ತಿರ ಬಿಟ್ಟು ಹೋಗುತ್ತಾನೆ. ಆತ ಮರಳಿ ಬರುವುದರೊಳಗೆ ಆಕಳು ಕರು ಹಾಕಿರುತ್ತದೆ. ಈಗ ಆ ಕರು ಯಾರದು? ಹೊತ್ತು ಹೊತ್ತಿಗೆ ಮೇವು ಹಾಕಿ, ನೀರು ಕುಡಿಸಿದವನದೋ? ಊರಲ್ಲೇ ಇಲ್ಲದ ಒಡೆಯನದೋ?

ಇದು ಅಗಸಿ ಕಟ್ಟೆಯ ಮೇಲೆ ಕುಳಿತವರು ಹಾಕುವ ಒಗಟಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 163ನೆಯ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆ. ಬೇರೆ ಒಪ್ಪಂದ ಇಲ್ಲದಿದ್ದರೆ ಆಕಳಿನ ಜೊತೆ ಕರುವನ್ನೂ ಒಡೆಯನಿಗೆ ಒಪ್ಪಿಸಬೇಕು ಎನ್ನುತ್ತದೆ ಕಾಯ್ದೆ. ಆದರೆ ಹಳ್ಳಿಗಳಲ್ಲಿ ಹೆಚ್ಚಾಗಿ ನಡೆದುಬಂದದ್ದು ಆ 'ಬೇರೆ ಒಪ್ಪಂದ'ವೇ. ಒಡೆಯ ಮಣಕವನ್ನು ಪಾಲಿನ ಮೇಲೆ ಸಾಕಲು ಕೊಡುತ್ತಾನೆ. ಸಾಕುವವ ಮೇವು, ಮೈಗೆಲಸ ಎರಡನ್ನೂ ಹಾಕುತ್ತಾನೆ. ಹುಟ್ಟಿದ ಕರುವಿನಲ್ಲಿ ಅಥವಾ ಅದನ್ನು ಮಾರಿ ಬಂದ ಹಣದಲ್ಲಿ ಇಬ್ಬರಿಗೂ ಪಾಲು.

ಪರರ ಪ್ರಾಣಿಯನ್ನು ನೋಡಿಕೊಳ್ಳುವ ಕಸುಬಿಗೆ ಈಗ ಹೊಸ ರೂಪ ಬಂದಿದೆ. ಕರ್ನಾಟಕದ ಸರ್ಕಾರಿ ಕಚೇರಿಗಳಿಗೆ 2019ರಿಂದ ಎರಡನೆಯ ಶನಿವಾರದ ಜೊತೆಗೆ ನಾಲ್ಕನೆಯ ಶನಿವಾರವೂ ರಜೆ. ಎರಡು ದಿನ ಬಿಡುವು ಸಿಕ್ಕರೆ ಬೆಳಗಾವಿಯ ಕುಟುಂಬಗಳು ಚೋರ್ಲಾ ಘಾಟ್ ಇಳಿದು ಗೋವಾದ ಕಡೆ ಹೊರಡುತ್ತವೆ. ಮನೆಯ ನಾಯಿಯನ್ನು ಮಾತ್ರ ಎಲ್ಲ ಕಡೆಗೂ ಕರೆದೊಯ್ಯಲಾಗದು. ಅದನ್ನು ನೆರೆಮನೆಗೋ, ದಿನಕ್ಕೆ ಇಷ್ಟೆಂದು ಹಣ ಪಡೆದು ನೋಡಿಕೊಳ್ಳುವವರಿಗೋ ಒಪ್ಪಿಸಿ ಹೋಗಬೇಕು. ಊರಿಗೆಲ್ಲ ರಜೆ ಬಂದ ದಿನವೇ ಇವರಿಗೆ ಕೆಲಸ ಹೆಚ್ಚು. ಹಾಗಾದರೆ ಇವರ ಬಿಡುವು ಯಾವಾಗ? ಸಂತೋಷದ ಗಳಿಗೆ ಯಾವುದು? ಬೆಳಗಾವಿ ಸೀಮೆ ಈ ಪ್ರಶ್ನೆಗೆ ಹಿಂದೆ ತನ್ನದೇ ಆದ ಉತ್ತರ ಕಂಡುಕೊಂಡಿತ್ತು.

ಸಂಬಳದ ಗೋಪಾಲಕ

ಈ ಕಸುಬು ಬಲು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದನಕರುಗಳ ಮೇಲ್ವಿಚಾರಣೆಗೆಂದೇ ಒಂದು ಅಧ್ಯಾಯವಿದೆ. ಆಕಳು ಕಾಯುವವ, ಎಮ್ಮೆ ಕಾಯುವವ, ಹಾಲು ಕರೆಯುವವ, ಮೊಸರು ಕಡೆಯುವವ, ಕಾಡುಮೃಗಗಳಿಂದ ರಕ್ಷಿಸುವ ಬೇಟೆಗಾರ ಎಂದು ಅಲ್ಲಿ ಕೆಲಸ ಹಂಚಲಾಗಿದೆ. ನೂರು ನೂರು ಆಕಳುಗಳ ಹಿಂಡನ್ನು ನೋಡಿಕೊಳ್ಳುವ ಇವರಿಗೆ ಹಣದ ರೂಪದಲ್ಲೇ ಸಂಬಳ ಕೊಡಬೇಕೆಂಬುದು ನಿಯಮ. ಹಾಲು, ತುಪ್ಪವನ್ನೇ ಕೂಲಿಯಾಗಿ ಕೊಟ್ಟರೆ ಅವರು ಕರುಗಳಿಗೆ ಹಾಲು ಬಿಡದೆ ಸಾಯಿಸಿಯಾರು ಎಂಬುದು ಅದಕ್ಕೆ ಕೊಟ್ಟ ಕಾರಣ. ಕಾಯುವವನ ಹೊಟ್ಟೆಗೂ ಕರುವಿನ ಹೊಟ್ಟೆಗೂ ಜಗಳ ಬರಬಾರದೆಂಬ ಎಚ್ಚರಿಕೆ ಅಂದೇ ಇತ್ತು.

ಕನ್ನಡದಲ್ಲಿ ಈ ಕಸುಬಿನವರ ದನಿ ಕೇಳುವುದು ಹನ್ನೆರಡನೆಯ ಶತಮಾನದಲ್ಲಿ. ತುರು ಎಂದರೆ ದನ, ತುರುಗಾಹಿ ಎಂದರೆ ದನ ಕಾಯುವವ. ಬಸವಣ್ಣನವರ ಕಾಲದ ಶರಣ ತುರುಗಾಹಿ ರಾಮಣ್ಣ ಕಲ್ಯಾಣದ ದನಗಳನ್ನು ಕಾಯುವ ಕಾಯಕದವನು. 'ಗೋಪತಿನಾಥ ವಿಶ್ವೇಶ್ವರಲಿಂಗ' ಎಂಬುದು ಆತನ ಅಂಕಿತ. ಅವನು ತತ್ವ ಹೇಳಿದ್ದು ಹಟ್ಟಿ, ಹಗ್ಗ, ಹುಲ್ಲುಗಾವಲುಗಳ ಭಾಷೆಯಲ್ಲೇ. ಪರರ ದನ ಕಾಯುವುದನ್ನೂ ಕಾಯಕವೆಂದು ಕಂಡ ಕಾಲ ಅದು.

ಊರ ದನ ಕಾಯುವ ಪದ್ಧತಿ ಇತ್ತೀಚಿನವರೆಗೂ ಉಳಿದುಬಂದಿತ್ತು. ಬೆಳಗಾದೊಡನೆ ಮನೆಮನೆಯ ದನಗಳನ್ನು ಬಿಟ್ಟು ಅಗಸಿಯ ಹತ್ತಿರ ಕೂಡಿಸುವುದು, ದನ ಕಾಯುವವ ಅವನ್ನೆಲ್ಲ ಗೋಮಾಳಕ್ಕೋ ಅಡವಿಗೋ ಹೊಡೆದುಕೊಂಡು ಹೋಗಿ ಹೊತ್ತು ಮುಳುಗುವಾಗ ತರುವುದು. ಸುಗ್ಗಿಯಲ್ಲಿ ದನಕ್ಕೆ ಇಷ್ಟೆಂದು ಕಾಳು ಅವನ ಕೂಲಿ. ಎರೆ ಭೂಮಿಯ ಕಡೆ ಅದು ಜೋಳ, ಖಾನಾಪುರದ ಕಡೆ ಭತ್ತ. ಸಂಜೆ ಹಿಂಡು ಊರು ಹೊಕ್ಕರೆ ಪ್ರತಿ ಆಕಳೂ ತನ್ನ ಮನೆಯ ಬಾಗಿಲನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು.

ಒಂದು ದನ ತಪ್ಪಿಸಿಕೊಂಡು ಪರರ ಹೊಲಕ್ಕೆ ನುಗ್ಗಿತೋ, ಪಂಚಾಯಿತಿಕೆ ಶುರು. 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆಯಂತೆ ಅಂಥ ದನವನ್ನು ಕೊಂಡವಾಡಕ್ಕೆ ಹೊಡೆಯಬಹುದು. ಆನೆಗೆ ಎರಡು ರೂಪಾಯಿ, ಎಮ್ಮೆಗೆ ಎಂಟಾಣೆ, ಆಕಳು ಎತ್ತುಗಳಿಗೆ ನಾಲ್ಕಾಣೆ ಎಂದು ಮೂಲ ಕಾಯ್ದೆಯಲ್ಲಿ ದಂಡದ ಪಟ್ಟಿಯೇ ಇತ್ತು. ಬಂದ ದನವನ್ನು ವಹಿಯಲ್ಲಿ ಬರೆದುಕೊಂಡು, ಒಡೆಯ ಬರುವ ತನಕ ಮೇವು ನೀರು ಕೊಡುವುದು ಕೊಂಡವಾಡದ ಅಧಿಕಾರಿಯ ಕರ್ತವ್ಯ. ದಂಡದ ಜೊತೆ ಮೇವಿನ ಖರ್ಚೂ ಒಡೆಯನ ಮೇಲೆ. ಬೈಗುಳ ಮಾತ್ರ ದನ ಕಾಯುವವನ ಪಾಲು.

ಬಸವಣ್ಣನ ವಾರ

ಇಂಥ ಕೆಲಸದಲ್ಲಿ ಬಿಡುವು ಎಂಬುದು ಮನುಷ್ಯನ ಹೆಸರಿನಲ್ಲಿ ಬರಲಿಲ್ಲ, ಪ್ರಾಣಿಯ ಹೆಸರಿನಲ್ಲಿ ಬಂತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಹದ ಬಂದಿದ್ದರೂ ಅಂದು ನೊಗ ಇಳಿಸಿಯೇ ಇಡಬೇಕು. ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚುವುದು ವಾಡಿಕೆ. ಎತ್ತಿಗೆ ನೊಗ ತಪ್ಪಿದರೆ ಹೊಡೆಯುವ ಆಳಿಗೂ ಹೊಲದ ದುಡಿಮೆ ತಪ್ಪಿತು.

ಇದರ ಪಕ್ಕದಲ್ಲಿ ಭಾನುವಾರದ ಕತೆಯನ್ನಿಟ್ಟು ನೋಡಬೇಕು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆ ಅವರ ಹೋರಾಟದಿಂದ, 1890ರಲ್ಲಿ. ಗಿರಣಿಯ ಯಂತ್ರವನ್ನು ನಿಲ್ಲಿಸಲು ಮನವಿ, ಸಭೆ, ಸಂಘಟನೆ ಎಲ್ಲವೂ ಬೇಕಾದವು. ಎತ್ತಿನ ಸೋಮವಾರಕ್ಕೆ ಅರ್ಜಿ ಬೇಕಾಗಿರಲಿಲ್ಲ. ಅದನ್ನು ಮುರಿಯಲು ದೇವರ ಭಯ, ನೆರೆಯವರ ನಾಚಿಕೆ ಎರಡೂ ಅಡ್ಡ ಬರುತ್ತಿದ್ದವು.

ವಾರದ ಬಿಡುವು ಸೋಮವಾರವಾದರೆ ವರ್ಷದ ಹಿಗ್ಗು ಕಾರಹುಣ್ಣಿಮೆ. ಜ್ಯೇಷ್ಠ ಮಾಸದ ಆ ಹುಣ್ಣಿಮೆಯಂದು ಎತ್ತುಗಳ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ ಕಟ್ಟಿ, ಮೈಮೇಲೆ ಜೂಲು ಹೊದಿಸುತ್ತಾರೆ. ಮನೆಯಲ್ಲಿ ಹೋಳಿಗೆ ಮಾಡಿದರೆ ಮೊದಲ ಎಡೆ ಎತ್ತಿಗೆ. ಸಂಜೆ ಅಗಸಿಯಲ್ಲಿ ಕರಿ ಹರಿಯುವ ಓಟ. ಕೆಂದೆತ್ತು ಮುಂದೆ ಬಂದರೆ ಮುಂಗಾರು ಚೆನ್ನ, ಬಿಳಿ ಎತ್ತು ಬಂದರೆ ಹಿಂಗಾರು ಚೆನ್ನ ಎಂದು ಎಣಿಕೆ ಹಾಕುವವರುಂಟು. ಎತ್ತಿನ ಹಗ್ಗ ಹಿಡಿದು ಓಡುವವ ಎಷ್ಟೋ ಮನೆಗಳಲ್ಲಿ ಒಡೆಯನಲ್ಲ, ವರ್ಷವೆಲ್ಲ ಅದಕ್ಕೆ ಕಣಕಿ ಹಾಕಿದ ಆಳು. ಎತ್ತು ಯಾರದೆಂದು ಕೇಳಿದರೆ ಒಡೆಯನ ಹೆಸರು ಬಂದೀತು. ಆದರೆ ಅದು ಯಾರ ಮಾತು ಕೇಳುತ್ತದೆ ಎಂಬುದು ಅಂದು ಊರಿಗೆಲ್ಲ ಗೊತ್ತಾಗುತ್ತದೆ.

ದನ ಕಾಯುವ ಹುಡುಗರ ಸರದಿ ದೀಪಾವಳಿಗೆ. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಅವರು ದೀಪ ಹಿಡಿದು 'ಆಣೀ ಪೀಣೀ' ಹಾಡುತ್ತ ಮನೆಮನೆಗೆ ಹೋಗಿ ಕೊಟ್ಟಿಗೆಯ ದನಗಳಿಗೆ ಬೆಳಗುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಹಾಕಿ, ಕೈಗೆ ಕಾಣಿಕೆ ಕೊಡುತ್ತಾರೆ. ವರ್ಷವೆಲ್ಲ ಅಡವಿಯಲ್ಲಿ ಕಾದ ದನವನ್ನು ಕಾಯುವವ ಅಂದು ಹಾಡಿ ಹರಸುವವನಾಗಿ ಮನೆಯ ಒಳಗೇ ಬರುತ್ತಾನೆ.

ಗವಳಿಗರ ಪಾಡ್ಯ

ಹೈನಿನ ದನ ಸಾಕುವವರಿಗೆ ಮಾತ್ರ ಈ ಸೋಮವಾರವೂ ಇಲ್ಲ. ಎರಡು ಹೊತ್ತು ಕರೆಯಲೇಬೇಕು, ಎರಡು ಹೊತ್ತು ಹಾಲು ಮುಟ್ಟಿಸಲೇಬೇಕು. ಬೆಳಗಾವಿ ನಗರದ ಗವಳಿಗರ ಬದುಕು ಇಂಥದು. ಅವರಿಗಿರುವುದು ಬಲಿಪಾಡ್ಯಮಿ. ಅಂದು ಚವಾಟ ಗಲ್ಲಿ, ಕ್ಯಾಂಪ್ ಮುಂತಾದ ಕಡೆ ಎಮ್ಮೆಗಳ ಮೈ ತೊಳೆದು, ಎಣ್ಣೆ ಹಚ್ಚಿ, ಕೋಡಿಗೆ ಬಣ್ಣ ಬಳಿದು, ನವಿಲುಗರಿ ಕಟ್ಟಿ, ಕವಡೆಯ ಸರ ಹಾಕಿ ಬೀದಿಗೆ ತರುತ್ತಾರೆ. ಸಾಕಿದವ ಬೈಕಿನ ಮೇಲೆ ಮುಂದೆ ಹೋದರೆ ಎಮ್ಮೆ ಅವನ ಹಿಂದೆ ಓಡುತ್ತದೆ. ನೂರಾರು ಜನರ ಗದ್ದಲದಲ್ಲಿಯೂ ಅದು ತನ್ನವನ ದನಿ ತಪ್ಪುವುದಿಲ್ಲ ಎಂಬುದೇ ಗವಳಿಗನ ಹೆಮ್ಮೆ. ಸೈಲೆನ್ಸರ್ ತೆಗೆದ ಬೈಕುಗಳ ಅಬ್ಬರ ಎಮ್ಮೆಗೂ ಹಿಂಸೆ, ಊರಿಗೂ ಹಿಂಸೆ ಎಂಬ ಆಕ್ಷೇಪ ಸರಿಯಾದದ್ದೇ. ಓಟದ ತಿರುಳು ಸದ್ದಿನಲ್ಲಿಲ್ಲ, ಆ ಕರೆಯಲ್ಲಿದೆ. ಕೊಲ್ಲಾಪುರದಲ್ಲಿಯೂ ಹೈದರಾಬಾದಿನಲ್ಲಿಯೂ ದೀಪಾವಳಿಯ ಹೊತ್ತಿಗೆ ಎಮ್ಮೆ, ಕೋಣಗಳನ್ನು ಹೀಗೆಯೇ ಸಿಂಗರಿಸಿ ಮೆರೆಸುವ ರೂಢಿಯುಂಟು.

ನಗರದ ಗವಳಿಗರಿಗೆ ಬೀದಿಯಾದರೆ ಖಾನಾಪುರದ ಕಡೆಯ ಗವಳಿಗರಿಗೆ ಅಡವಿ. ಸಹ್ಯಾದ್ರಿಯ ನೆತ್ತಿಯಲ್ಲಿ ಎಮ್ಮೆ ಸಾಕಿದ ಗವಳಿ ಧನಗರರ ಬಗ್ಗೆ ಮಾಧವ ಗಾಡ್ಗೀಳ್ ಮತ್ತು ಕೈಲಾಸ ಮಲ್ಹೋತ್ರ 1982ರಲ್ಲಿ ಅಧ್ಯಯನ ಪ್ರಕಟಿಸಿದರು. ಮಜ್ಜಿಗೆ ಮನೆಗೆ, ಬೆಣ್ಣೆ ಕಣಿವೆಯ ರೈತರಿಗೆ, ಅದಕ್ಕೆ ಬದಲಾಗಿ ಕಾಳು ಎಂಬುದು ಅವರ ಹಳೆಯ ಲೆಕ್ಕ. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದ ಕಾಡಿನೊಳಗಿನ ಒಂದು ಹಳ್ಳಿಯ ಹೆಸರೇ ಗವಾಳಿ. ಹುಲಿ ಚಿರತೆಗಳಿರುವ ಆ ಕಾಡಿನಂಚಿನಲ್ಲಿ ಸಂಜೆ ಬಿಟ್ಟ ದನವೆಲ್ಲ ಎಣಿಕೆಗೆ ಸಿಕ್ಕರೆ ಅದೇ ದಿನದ ಸಂತೋಷ.

ಬಿಡುವು ಮರೆತ ಕಾಲ

ಹಳೆಯದೆಲ್ಲ ಚೆನ್ನಾಗಿತ್ತು ಎಂದು ತಿಳಿಯುವಂತಿಲ್ಲ. ಸಾಲದ ಹೊರೆಗೆ ಯುಗಾದಿಯಿಂದ ಯುಗಾದಿಗೆ ದುಡಿದವರು, ತಂದೆಯ ಸಾಲಕ್ಕೆ ದನದ ಹಿಂದೆ ಹೋದ ಹುಡುಗರು ಇದ್ದರು. ಜೀತ ಪದ್ಧತಿಯನ್ನು ಕಾಯ್ದೆಯಿಂದ ರದ್ದುಪಡಿಸಿದ್ದು 1976ರಲ್ಲಿ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಗಿ ಜಾರಿಗೆ ಬಂದದ್ದು 2010ರಲ್ಲಿ. ದನ ಕಾಯುವ ಹುಡುಗ ಶಾಲೆಗೆ ಹೋದದ್ದು ಒಳ್ಳೆಯದೇ ಆಯಿತು. ಅದೇ ಕಾಲದಲ್ಲಿ ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದವು, ಗೋಮಾಳಗಳು ಕರಗಿದವು. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಅದನ್ನು ನಡೆಸುವವನಿಗೂ ಇಲ್ಲ.

ನಗರದಲ್ಲಿ ನಾಯಿ, ಬೆಕ್ಕು ನೋಡಿಕೊಳ್ಳುವ ಹೊಸಬರ ಹತ್ತಿರ ಹಳೆಯ ಒಡಂಬಡಿಕೆಯ ಅರ್ಧ ಭಾಗ ಮಾತ್ರ ಬಂದಿದೆ. ಹೊಣೆ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೆಯ ಕಲಮು ಪ್ರಾಣಿಯ ಕ್ಷೇಮದ ಕರ್ತವ್ಯವನ್ನು ಹೊರಿಸುವಾಗ ಒಡೆಯ ಯಾರೆಂದು ಕೇಳುವುದಿಲ್ಲ, ಅದು ಯಾರ ಆರೈಕೆಯಲ್ಲಿದೆ ಎಂದು ನೋಡುತ್ತದೆ. ಸಂತೋಷವೂ ಇದೆ. ಮೊದಲ ದಿನ ಮೂಲೆ ಸೇರಿ ಅನ್ನ ಮುಟ್ಟದ ನಾಯಿ ಮರುದಿನ ತಾನಾಗಿ ಬಂದು ಕಾಲಿಗೆ ಒರಗಿದರೆ, ಅದು ಯಾವ ಪ್ರವಾಸಕ್ಕೂ ಕಡಿಮೆಯಲ್ಲ. ಇಲ್ಲದಿರುವುದು ಅವರದೇ ಆದ ಒಂದು ದಿನ. ನಾಯಿಗೆ ಸೋಮವಾರದ ನೊಗವಿಲ್ಲವಾದ್ದರಿಂದ ಅದನ್ನು ಕಾಯುವವರಿಗೆ ಬಿಡುವಿನ ವಾರವೂ ಹುಟ್ಟಲಿಲ್ಲ.

ನಾಯಿಯ ಮಾತು ಬಂದಾಗ ಆತಕೂರನ್ನು ನೆನೆಯದೆ ಇರಲಾಗದು. ಮಂಡ್ಯ ಜಿಲ್ಲೆಯ ಆ ಊರಿನ ಕ್ರಿ.ಶ. 949-50ರ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ, ಏನು ಬೇಕೆಂದು ಗಂಗ ದೊರೆ ಬೂತುಗ ಕೇಳಿದಾಗ, ಅವನ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನಿಗೆ ಒಂದು ಕಟ್ಟಳೆ ಹಾಕಿದರು. ಕಲ್ಲಿಗೆ ಪೂಜೆ ಮಾಡದೆ ಅವನು ಉಣ್ಣುವಂತಿಲ್ಲ.

ಕಾರಹುಣ್ಣಿಮೆಯ ಮೊದಲ ಹೋಳಿಗೆ ಎತ್ತಿಗೆ ಹೋಗುವುದೂ ಅದೇ ಕ್ರಮದಲ್ಲಿ. ಮೊದಲು ಪ್ರಾಣಿಯದು, ಆಮೇಲೆ ಕಾಯುವವನದು. ಈ ಆಮೇಲಿನ ಊಟ ತಪ್ಪದಂತೆ ನೋಡಿಕೊಳ್ಳುವುದು, ತಮ್ಮ ಪ್ರಾಣಿಯನ್ನು ಒಪ್ಪಿಸಿ ರಜೆಗೆ ಹೊರಟವರ ಕೆಲಸ.